ಬೆಲೆಪಟ್ಟಿ ಇಲ್ಲದ ಊಟ

ಸ್ಪೇನಿನ ಉತ್ತರ ಭಾಗದಲ್ಲಿ ವಿಯಾನಾ ಅನ್ನೋ ಪುಟ್ಟ ಊರಿದೆ. ಅಲ್ಲಿಂದ ಲೊಗ್ರೊನ್ಯೊ ಪಟ್ಟಣಕ್ಕೆ ಸುಮಾರು 10 ಕಿ.ಮೀ. ಕಾಲುದಾರಿ. ಪಟ್ಟಣ ಇನ್ನೇನು ಬಂತು ಅನ್ನುವಾಗ, ಎಬ್ರೊ ನದಿಯ ಸೇತುವೆಗೂ ಮುಂಚೆ, ದಾರಿ ಕೆಲವು ಮನೆಗಳ ಮುಂದೆ ಹಾದುಹೋಗುತ್ತೆ. ಇಲ್ಲೇ ಒಂದು ಮನೆ ಎದುರು ಫೆಲಿಸಾ ರೊಡ್ರಿಗೆಸ್ ಎಂಬ ಅಜ್ಜಿ ಎಷ್ಟೋ ವರ್ಷ ಮೇಜು ಹಾಕಿಕೊಂಡು ಕೂತಿರುತ್ತಿದ್ದರು. ನಡೆದು ಬಂದವರಿಗೆ ತಿನ್ನಲು ಅಂಜೂರದ ಹಣ್ಣು, ಕುಡಿಯಲು ನೀರು, ಆಮೇಲೆ ಅವರ ಯಾತ್ರಾಪುಸ್ತಕದ ಮೇಲೆ ಒಂದು ಮುದ್ರೆ. ಆ ಮುದ್ರೆಯಲ್ಲಿ ಇದ್ದದ್ದು ಮೂರೇ ಮಾತು: ಅಂಜೂರ, ನೀರು, ಪ್ರೀತಿ. 2002ರಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ. ಆಮೇಲೆ ಅವರ ಮಗಳು ಅದೇ ಕೆಲಸ ಮುಂದುವರಿಸಿದರು.

ಇದು ಸಂತ ಯಾಕೋಬರ ಸಮಾಧಿ ಇರುವ ಸಾಂತಿಯಾಗೊ ಊರಿಗೆ ಹೋಗುವ ಯಾತ್ರೆಯ ದಾರಿ. 'ಕಮಿನೊ' ಅಂತ ಕರೀತಾರೆ. ಫ್ರಾನ್ಸಿನ ಗಡಿಯಿಂದ ಹೊರಟರೆ ಸುಮಾರು 780 ಕಿ.ಮೀ., ಒಂದು ತಿಂಗಳ ನಡಿಗೆ. ನನಗೆ ಸಿಕ್ಕಿದ್ದು ಎಂಟೇ ದಿನ ರಜೆ. ಕಂಪನಿ ಕೆಲಸದ ಮೇಲೆ ಆರು ತಿಂಗಳು ಯುರೋಪಿನಲ್ಲಿ ಇದ್ದೆ. ಹಾಗಾಗಿ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ಗೆಳತಿಯೊಬ್ಬಳ ಜೊತೆ ವಿಯಾನಾದಿಂದ ಬುರ್ಗೋಸ್‌ವರೆಗೆ, ಹೆಚ್ಚುಕಡಿಮೆ 130 ಕಿ.ಮೀ. ಮಾತ್ರ ನಡೆದೆ. ಮೈಸೂರಿನ ನಮ್ಮ ಮನೆಯಲ್ಲಿ ಭಾನುವಾರದ ಪೂಜೆ ತಪ್ಪಿಸುವ ಹಾಗಿರಲಿಲ್ಲ, ಬೈಬಲ್ ಕತೆಗಳನ್ನು ಕೇಳಿಕೊಂಡೇ ಬೆಳೆದವಳು ನಾನು. ಆದರೂ ಈ ದಾರಿಗೆ ಬಂದದ್ದು ಭಕ್ತಿಯಿಂದ ಅಂತ ಹೇಳಿದರೆ ಸುಳ್ಳಾಗುತ್ತೆ. ದ್ರಾಕ್ಷಿ ತೋಟ ನೋಡಬೇಕು, ಲ್ಯಾಪ್‌ಟಾಪ್ ಮುಟ್ಟಬಾರದು, ಇಷ್ಟೇ ಆಸೆ ಇದ್ದದ್ದು.

ದ್ರಾಕ್ಷಿ ತೋಟ ಬೇಕಾದಷ್ಟು ಸಿಕ್ಕಿತು ಬಿಡಿ. ಲಾ ರಿಯೋಹ ಪ್ರಾಂತ್ಯ ವೈನಿಗೆ ಹೆಸರುವಾಸಿ. ಕೆಂಪು ಮಣ್ಣು, ಮೊಣಕಾಲೆತ್ತರದ ಬಳ್ಳಿ, ಕಪ್ಪು ಗೊಂಚಲು. ನಾಹೆರಾ ದಾಟಿ ಮುಂದೆ ಹೋದಂತೆ ತೋಟ ಕಡಿಮೆಯಾಗಿ ಗೋಧಿ ಕೊಯ್ದ ಬಯಲು ಶುರು. ನೆರಳೇ ಇಲ್ಲ. ಮೂರನೇ ದಿನ ಮಧ್ಯಾಹ್ನ ಸಾಂತೊ ದೊಮಿಂಗೊ ದೆ ಲಾ ಕಾಲ್ಸಾದಾ ಊರು ತಲುಪಿದೆವು.

ಈ ಊರು ಹುಟ್ಟಿದ್ದೇ ಒಬ್ಬ ಮನುಷ್ಯನಿಂದ. ದೊಮಿಂಗೊ ಹುಟ್ಟಿದ್ದು 1019ರಲ್ಲಿ, ಇಲ್ಲೇ ಹತ್ತಿರದ ಹಳ್ಳಿಯಲ್ಲಿ. ಸನ್ಯಾಸಿಯಾಗಬೇಕು ಅಂತ ಎರಡು ಮಠಗಳ ಬಾಗಿಲು ತಟ್ಟಿದ. ಎರಡೂ ಕಡೆ ಬೇಡ ಅಂದರು. ಸರಿ, ಕಾಡಿನ ಪಕ್ಕ ನೆಲೆನಿಂತ. ಹೊಳೆ ದಾಟಲಾಗದೆ ಯಾತ್ರಿಕರು ಪರದಾಡೋದನ್ನ ನೋಡಿ ಓಹ ನದಿಗೆ ಸೇತುವೆ ಕಟ್ಟಿಸಿದ, ಕಾಡು ಕಡಿದು ದಾರಿ ಮಾಡಿದ, ಬಂದವರಿಗೆ ತಂಗುವ ಛತ್ರ ಕಟ್ಟಿದ. 1109ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ತೊಂಬತ್ತರವರೆಗೂ ಅದೇ ಕೆಲಸ. ಅವನ ಸಮಾಧಿ ಅಲ್ಲಿಯ ಪ್ರಧಾನ ದೇವಾಲಯದ ಒಳಗಿದೆ. ಅದೇ ದೇವಾಲಯದಲ್ಲಿ ಒಂದು ಪವಾಡದ ನೆನಪಿಗೆ ಜೀವಂತ ಹುಂಜ ಮತ್ತು ಕೋಳಿಯನ್ನು ಗೂಡಿನಲ್ಲಿ ಇಟ್ಟಿದ್ದಾರೆ. ಜನರೆಲ್ಲ ಅವುಗಳ ಫೋಟೊ ತೆಗೆಯೋದರಲ್ಲೇ ಮುಳುಗಿದ್ದರು. ಆ ಮುದುಕನ ಸಮಾಧಿ ಹತ್ತಿರ ಅಷ್ಟು ಜನ ಇರಲಿಲ್ಲ. ಅವನ ಹಳೆಯ ಛತ್ರ ಈಗ ದುಬಾರಿ ಹೋಟೆಲ್!

ಅಂದಹಾಗೆ, ದಾರಿಯುದ್ದಕ್ಕೂ ಎಲ್ಲರೂ ಪುಣ್ಯಾತ್ಮರೇ ಅಂತ ತಿಳ್ಕೋಬೇಡಿ. ಕಮಿನೊ ದೊಡ್ಡ ವ್ಯಾಪಾರವೂ ಹೌದು. ಏನಾದರೂ ಕೊಂಡರೆ ಮಾತ್ರ ಶೌಚಾಲಯ ಅಂತ ಬೋರ್ಡು ಹಾಕಿದ ಅಂಗಡಿಗಳೂ ಸಿಕ್ಕವು. ಅವರದ್ದೂ ಹೊಟ್ಟೆಪಾಡು, ತಪ್ಪು ಅನ್ನಲಾರೆ.

ಅಲ್ಲಿಂದ ಸುಮಾರು 7 ಕಿ.ಮೀ. ಮುಂದೆ ಗ್ರಾನ್ಯೋನ್. ಚಿಕ್ಕ ಹಳ್ಳಿ. ಊರ ಮಧ್ಯೆ ಸ್ನಾನಿಕ ಯೋಹಾನರ ಚರ್ಚು. ಯಾತ್ರಿಕರು ಮಲಗುವುದು ಈ ಚರ್ಚಿಗೇ ಸೇರಿದ ಜಾಗದಲ್ಲಿ. ಕಿರಿದಾದ ಸುರುಳಿ ಮೆಟ್ಟಿಲು ಹತ್ತಿ ಹೋದರೆ ಮೇಲೆ ಒಂದು ಹಾಲ್, ಅಡುಗೆಮನೆ, ನೆಲದ ಮೇಲೆ ಹಾಸುವ ತೆಳ್ಳನೆ ಹಾಸಿಗೆಗಳು. ಮುಂಗಡ ಬುಕಿಂಗ್ ಇಲ್ಲ, ದರ ಇಲ್ಲ. ಮುಚ್ಚಳ ತೆರೆದಿಟ್ಟ ಒಂದು ಪೆಟ್ಟಿಗೆ ಇದೆ. ಆದಷ್ಟು ಹಾಕಿ, ಬೇಕಾದಷ್ಟು ತೆಗೆದುಕೊಳ್ಳಿ ಅನ್ನೋ ಅರ್ಥದ ಬರಹ ಅದರ ಹತ್ತಿರ. ಹೌದು, ತೆಗೆದುಕೊಳ್ಳಿ ಅಂತಲೂ ಇದೆ! ಕ್ಯಾಮೆರಾ ಇಲ್ಲ, ರಿಜಿಸ್ಟರ್‌ನಲ್ಲಿ ಲೆಕ್ಕ ಬರೆಯೋದಿಲ್ಲ. ಹಗಲೆಲ್ಲ ಆಕ್ಸೆಸ್ ಕಂಟ್ರೋಲ್ ಅಂತ ತಲೆ ಕೆಡಿಸಿಕೊಳ್ಳೋ ನನ್ನಂಥವಳಿಗೆ ಪಾಸ್‌ವರ್ಡೇ ಇಲ್ಲದ ಸಿಸ್ಟಮ್ ನೋಡಿದ ಹಾಗಾಯ್ತು.

ನೋಡಿಕೊಳ್ಳಲು ಇಬ್ಬರು ಸ್ವಯಂಸೇವಕರಿದ್ದರು. ಇಂಥವರನ್ನು ಇಲ್ಲಿ 'ಓಸ್ಪಿತಲೆರೊ' ಅಂತಾರೆ. ತಾವೂ ಒಮ್ಮೆ ಈ ದಾರಿ ನಡೆದವರು. ಸಾಮಾನ್ಯವಾಗಿ ಹದಿನೈದು ದಿನದ ಸರದಿ. ಸಂಬಳ ಇಲ್ಲ, ಬಂದು ಹೋಗುವ ಖರ್ಚೂ ತಮ್ಮದೇ. ಬಹಳ ಮಂದಿ ನಿವೃತ್ತರು. ನಾವು ಹೋದಾಗ ಇದ್ದವರಲ್ಲಿ ಒಬ್ಬರು ನರ್ಸ್ ಆಗಿದ್ದ ಅಮ್ಮ, ಇನ್ನೊಬ್ಬರು ಇಟಲಿಯ ಹಿರಿಯರು, ರೈಲ್ವೆಯಲ್ಲಿ ದುಡಿದವರು, ವಯಸ್ಸು 74. ನಮ್ಮ ಬ್ಯಾಗನ್ನು ಅವರೇ ಎತ್ತಲು ಬಂದಾಗ ಬೇಡ ಬೇಡ ಅಂತ ಕಿತ್ತುಕೊಳ್ಳಬೇಕಾಯ್ತು. ಕೊರಿಯಾದ ಹುಡುಗನೊಬ್ಬನ ಕಾಲಿನ ಬೊಬ್ಬೆಗೆ ಆ ಅಮ್ಮ ಮಂಡಿಯೂರಿ ಕೂತು ಪಟ್ಟಿ ಕಟ್ಟುತ್ತಿದ್ದರು. ಏಳುವಾಗ ಕುರ್ಚಿ ಹಿಡಿದುಕೊಂಡೇ ಎದ್ದರು.

ಸಂಜೆ ಎಲ್ಲರೂ ಸೇರಿ ತರಕಾರಿ ಹೆಚ್ಚಿದೆವು. ಬೇಳೆಯ ದಪ್ಪ ಸಾರು, ಬ್ರೆಡ್ಡು, ಸಲಾಡ್. ನಿನ್ನೆ ಬಂದವರು ಪೆಟ್ಟಿಗೆಗೆ ಹಾಕಿದ ಹಣದಲ್ಲಿ ಇವತ್ತಿನ ಊಟ, ಇವತ್ತಿನವರ ಹಣದಲ್ಲಿ ನಾಳೆಯ ಊಟ ಅಂತ ಆ ಹಿರಿಯರು ವಿವರಿಸಿದರು. ಅಂದರೆ ನಾನು ಉಂಡದ್ದಕ್ಕೆ ನಾನು ಕೊಡುವ ಹಾಗೇ ಇಲ್ಲ. ಉಣ್ಣಿಸಿದವರು ಆಗಲೇ ಒಂದು ದಿನದ ದಾರಿ ಮುಂದೆ ಹೋಗಿಯಾಗಿದೆ. ಋಣ ತೀರಿಸಿಬಿಡೋಣ ಅನ್ನೋ ನಮ್ಮ ಅಭ್ಯಾಸಕ್ಕೆ ಇಲ್ಲಿ ಜಾಗವೇ ಸಿಗೋದಿಲ್ಲ.

ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸು ಇದೇ ಮಾತು ಹೇಳ್ತಾರೆ. ಔತಣಕ್ಕೆ ಬಂಧುಗಳನ್ನು, ಹಣವಂತ ನೆರೆಯವರನ್ನು ಕರೆದರೆ ಅವರು ತಿರುಗಿ ಕರೆದು ಲೆಕ್ಕ ಸರಿಮಾಡುತ್ತಾರೆ, ಮರಳಿ ಕೊಡಲಾಗದವರನ್ನು ಕರೆಯಿರಿ ಅಂತ. ಚಿಕ್ಕಂದಿನಿಂದ ಕೇಳಿದ್ದರೂ ಅದು ಬಡವರಿಗೆ ಅನ್ನ ಹಾಕುವ ವಿಷಯ ಅಂತಲೇ ತಿಳಿದಿದ್ದೆ. ಯಾತ್ರಿಕನ ಜೇಬಿನಲ್ಲಿ ಕಾರ್ಡ್ ಇದೆ, ಅವನು ಬಡವನಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ಹೊರಟರೆ ಮತ್ತೆ ಬರೋದಿಲ್ಲ, ಹೆಸರೂ ನೆನಪಿರೋದಿಲ್ಲ. ಬೈಬಲಿನ ಅಬ್ರಹಾಂ ಕೂಡ ಗುಡಾರದ ಬಾಗಿಲಿಂದ ಓಡಿಹೋಗಿ ಮೂವರು ಅಪರಿಚಿತರನ್ನು ಊಟಕ್ಕೆ ಕರೆದಾಗ ನೂರರ ಹತ್ತಿರದ ಮುದುಕ, ಅದೂ ಉರಿಬಿಸಿಲಲ್ಲಿ. ಅವರು ಯಾರು ಅಂತ ಅವನೂ ಕೇಳಲಿಲ್ಲ.

ಊಟದ ನಂತರ ಚರ್ಚಿನ ಮೇಲಂತಸ್ತಿನಲ್ಲಿ, ಗಾಯಕವೃಂದ ಕೂರುವ ಜಾಗದಲ್ಲಿ ಪ್ರಾರ್ಥನೆ. ಒಂದೇ ಮೇಣದಬತ್ತಿ ಕೈಯಿಂದ ಕೈಗೆ ಹೋಗುತ್ತೆ, ಬಂದವರು ತಮ್ಮ ಭಾಷೆಯಲ್ಲಿ ಏನಾದರೂ ಹೇಳಬಹುದು, ಸುಮ್ಮನೆಯೂ ಇರಬಹುದು. ನಾನು ಕನ್ನಡದಲ್ಲಿ ಅಪ್ಪನ ಹೆಸರು ಹೇಳಿದೆ.

ಅಪ್ಪ ಬ್ಯಾಂಕಿನಿಂದ ನಿವೃತ್ತರಾಗಿ ಎರಡು ವರ್ಷ. ಮೂವತ್ತೈದು ವರ್ಷ ಕೌಂಟರಿನಲ್ಲಿ ಜನರ ನಡುವೆ ಇದ್ದವರು. ಈಗ ಫೋನ್ ಮಾಡಿದಾಗಲೆಲ್ಲ "ನಮ್ದೇನಮ್ಮ, ಮುಗೀತು" ಅನ್ನೋ ಮಾತು. ಅಮ್ಮ ಬೈದರೂ ಬಿಡಲ್ಲ. ಬೆಳಿಗ್ಗೆ ಐದಕ್ಕೇ ಎದ್ದು ಪೇಪರ್ ಹುಡುಗನಿಗೆ ಕಾಯುತ್ತಾ ಗೇಟಿನ ಹತ್ತಿರ ನಿಲ್ಲುತ್ತಾರಂತೆ.

ಮಾರನೇ ದಿನ ಬೇಗ ಎಚ್ಚರವಾಯ್ತು. ಅಡುಗೆಮನೆಯಲ್ಲಿ ದೀಪ ಉರೀತಿತ್ತು. ಆ ಹಿರಿಯರು ಒಬ್ಬರೇ ನಿಂತು ದೊಡ್ಡ ಪಾತ್ರೆಯಲ್ಲಿ ಹಾಲು ಕಾಯಿಸುತ್ತಿದ್ದರು. ಈ ವಯಸ್ಸಿನಲ್ಲಿ ಯಾಕೆ ಇಷ್ಟು ಕಷ್ಟ ಅಂತ ಕೇಳಿಯೇಬಿಟ್ಟೆ. ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ. "ಮನೆಯಲ್ಲೂ ಐದಕ್ಕೇ ಎಚ್ಚರ ಆಗುತ್ತೆ. ಅಲ್ಲಿ ಎದ್ದರೆ ಒಂದು ಲೋಟ ಕಾಫಿ. ಇಲ್ಲಿ ಎದ್ದರೆ ನಲವತ್ತು" ಅಂದರು. ಹಾಗಂದು ನನ್ನ ಕೈಗೊಂದು ಲೋಟ ಕೊಟ್ಟು, ಬ್ರೆಡ್ ಕೊಯ್ಯಲು ಚಾಕು ಎಲ್ಲಿದೆ ಅಂತ ತೋರಿಸಿದರು.

ಹೊರಡುವ ಮುಂಚೆ ಪೆಟ್ಟಿಗೆಗೆ ಹಣ ಹಾಕಿದೆ. ಎಷ್ಟು ಅಂತ ಯಾರೂ ತಿರುಗಿ ನೋಡಲಿಲ್ಲ.

ಹಳ್ಳಿ ದಾಟಿ ಬಯಲಿಗೆ ಬಂದ ಮೇಲೆ ಮೈಸೂರಿಗೆ ಫೋನ್ ಹಚ್ಚಿದೆ. ಅಲ್ಲಿ ಬೆಳಿಗ್ಗೆ ಹನ್ನೊಂದಾಗಿತ್ತು. ಮೆಟ್ಟಿಲು, ಪೆಟ್ಟಿಗೆ, ಬೇಳೆಸಾರು, ಎಲ್ಲ ಹೇಳಿದೆ. ಅಪ್ಪ ಊಂ, ಊಂ ಅಂತ ಕೇಳಿಸಿಕೊಂಡರು. ಫೆಲಿಸಾ ಅಜ್ಜಿಯ ವಿಷಯ ಬಂದಾಗ "ತೊಂಬತ್ತೆರಡಾ?" ಅಂತ ಎರಡು ಸಲ ಕೇಳಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ಇಟಲಿಯವರಿಗೆ ಮಂಡಿ ನೋವಿಲ್ವೇನಮ್ಮ? ಮೆಟ್ಟಿಲು ಎಷ್ಟಿವೆ ಅಂದೆ?"

ನಾನು ಎಣಿಸಿರಲಿಲ್ಲ.