ಮರಿಗಳ ಪಂಚಾಂಗ

ತಾಯಿಯನ್ನಗಲಿ ಬೀದಿಪಾಲಾದ ಬೆಕ್ಕಿನ ಮರಿಗಳನ್ನು ಮನೆಗೆ ತಂದು, ಅವುಗಳಿಗೆ ಸ್ಥಿರವಾದ ಆಶ್ರಯವೊಂದು ದೊರೆಯುವ ಪರ್ಯಂತ ಸಲಹುವುದು ನನಗೆ ಬಹುಕಾಲದಿಂದ ಪ್ರಿಯವಾದ ಹವ್ಯಾಸ. ಅದರಲ್ಲಿಯೂ ಲಸಿಕೆಯ ದಿನಗಳನ್ನು ಗುಣಿಸಿ ಬರೆದಿಡುವ ಕಾರ್ಯದಲ್ಲಿ ನಾನು ಕಾಣುವ ಸಂತೋಷ ಅನಿರ್ವಚನೀಯವಾದುದು.

ಬೀದಿಯ ಮರಿಗೆ ಜನ್ಮದಿನವನ್ನು ಹೇಳುವವರಿಲ್ಲ. ಅದರ ದೇಹವನ್ನೇ ಓದಬೇಕು. ಹುಟ್ಟಿದಾಗ ಸುಮಾರು 100 ಗ್ರಾಂ ತೂಗುವ ಜೀವವು ಎರಡನೆಯ ವಾರದೊಳಗೆ ಕಣ್ದೆರೆದು, ನಾಲ್ಕನೆಯ ವಾರಕ್ಕೆ ಕೋರೆಹಲ್ಲುಗಳನ್ನು ತೋರಿ, 400 ಗ್ರಾಮಿನ ಸಮೀಪಕ್ಕೆ ಬರುತ್ತದೆ. ಪ್ರಾತಃಕಾಲದಲ್ಲಿ ಮರಿಯನ್ನು ತಕ್ಕಡಿಯಲ್ಲಿಟ್ಟು, ಅದು ಅಲುಗಾಡದೆ ಕುಳಿತ ಕ್ಷಣವನ್ನು ಹಿಡಿದು ತೂಕ ಬರೆಯುವುದು ಮನಸ್ಸಿಗೆ ಎಂತಹ ಆಹ್ಲಾದ! ಈ ವಯೋನಿರ್ಣಯ ಕೇವಲ ಕುತೂಹಲಕ್ಕಲ್ಲ: 4 ವಾರ ತುಂಬದ ಮರಿಗೆ ಜೀವಂತ ವೈರಾಣುವಿನ ಲಸಿಕೆಯನ್ನು ಹಾಕಿದರೆ ಅದರ ಎಳೆಯ ಮಿದುಳಿಗೆ ಹಾನಿಯಾದೀತು.

ವಯಸ್ಸು ತಿಳಿದ ಮೇಲೆ ಒಮ್ಮೆ ಹಾಕಿಸಿದರೆ ಸಾಲದೆ, ಒಂದೇ ಲಸಿಕೆಯನ್ನು ಮರಳಿ ಮರಳಿ ಏಕೆ ಹಾಕಿಸಬೇಕು? ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣುಹಾಲಿನಿಂದ ಮರಿಗೆ ತಾಯಿಯ ರೋಗನಿರೋಧಕಗಳು ಬಂದಿರುತ್ತವೆ. ಮರಿಯನ್ನು ಕಾಯುವ ಅವೇ ನಿರೋಧಕಗಳು ಲಸಿಕೆಯನ್ನೂ ನಿಷ್ಫಲಗೊಳಿಸುತ್ತವೆ. ಅವು ಕ್ಷೀಣಿಸುವ ಕಾಲ ಒಂದೊಂದು ಮರಿಗೆ ಒಂದೊಂದು ಬಗೆ. ಒಂದೇ ಒಡಲಿನ ಒಡಹುಟ್ಟುಗಳಲ್ಲಿಯೂ ಸಮನಲ್ಲ. ಆದುದರಿಂದಲೇ ಸಾಕುಮನೆಗಳಲ್ಲಿ 6ರಿಂದ 8ನೆಯ ವಾರಕ್ಕೆ ಆರಂಭಿಸಿ 3–4 ವಾರಗಳಿಗೊಮ್ಮೆ ಹಾಕಿಸುವ ತ್ರಿವಳಿ ಲಸಿಕೆಯನ್ನು, ಅನೇಕ ಮರಿಗಳು ಕೂಡಿ ಬಾಳುವ ಆಶ್ರಯಗಳಲ್ಲಿ 4ರಿಂದ 6ನೆಯ ವಾರಕ್ಕೇ ತೊಡಗಿ, 2–3 ವಾರಗಳಿಗೊಮ್ಮೆ, 16–20 ವಾರ ತುಂಬುವವರೆಗೂ ಮುಂದುವರಿಸುವರು. ಅದು ತಡೆಯುವ ಮೂರು ರೋಗಗಳಲ್ಲಿ ಪ್ಯಾನ್‌ಲ್ಯೂಕೋಪೀನಿಯಾ ಅತಿ ಘೋರವಾದುದು. ಅದರ ವೈರಾಣು ನೆಲದಲ್ಲಿ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಬದುಕಿದ್ದು, ಬಂದವರ ಪಾದರಕ್ಷೆಯನ್ನೇರಿಯೂ ಒಳಹೊಗಬಲ್ಲುದು. ಉಳಿದೆರಡು ರೋಗಗಳನ್ನು ತರುವ ಹರ್ಪಿಸ್ ಮತ್ತು ಕ್ಯಾಲಿಸಿ ವೈರಾಣುಗಳು ಮೂಗು, ಕಣ್ಣು, ಬಾಯಿಗಳನ್ನು ಬಾಧಿಸುತ್ತವೆ. 12 ವಾರ ತುಂಬಿದ ಬಳಿಕ ರೇಬೀಸ್ ಲಸಿಕೆಯ ಸರದಿ.

ಲಸಿಕೆಯ ದಿನ ಪಶುವೈದ್ಯರು ಶೀತಪೆಟ್ಟಿಗೆಯಿಂದ ಪುಟ್ಟ ಸೀಸೆಯನ್ನು ತೆಗೆದು, ತಳದಲ್ಲಿನ ಒಣ ಬಿಲ್ಲೆಯನ್ನು ದ್ರವದಲ್ಲಿ ಕರಗಿಸಿ, ತೊಗಲನ್ನು ಮೆಲ್ಲನೆತ್ತಿ ಸೂಜಿಯಿಳಿಸುವರು. ಮರಿ ಒಮ್ಮೆ ಕಿರುಗುಟ್ಟಿ ನನ್ನ ತೋಳಿನೊಳಗೆ ಮುಖ ಮರೆಸುತ್ತದೆ. ಸೀಸೆಯ ಚೀಟಿಯನ್ನು ಸುಲಿದು ಮರಿಯ ಲಸಿಕೆ ಪುಸ್ತಕದಲ್ಲಿ ಅಂಟಿಸಿ, ಮುಂದಿನ ದಿನಾಂಕವನ್ನು ಬರೆಯುವಾಗ, ಆ ಜೀವಕ್ಕೆ ಮುಂದಿನ ವಾರಗಳನ್ನೇ ಕೊಡುತ್ತಿರುವಂತೆ ನನಗೆ ಅನಿಸುವುದು. ಕೊನೆಯ ಲಸಿಕೆಯ ವೇಳೆಗೆ ಹಾಲುಹಲ್ಲುಗಳು ಉದುರಿ ಹೊಸ ಬಾಚಿಹಲ್ಲುಗಳು ಮೂಡಿರುತ್ತವೆ.

ಈ ಮರಿಗಳನ್ನು ಮನೆದುಂಬಿಸಿಕೊಳ್ಳುವ ಮಹನೀಯರಲ್ಲಿ ನನ್ನ ವಿಜ್ಞಾಪನೆ ಇದೊಂದೇ: ಮರಿಯೊಡನೆ ಅದರ ಪುಸ್ತಕವನ್ನೂ ಕೇಳಿ ಪಡೆಯಿರಿ, ಮರಿ ಎಷ್ಟೇ ಪುಷ್ಟವಾಗಿ ಕಂಡರೂ 16ನೆಯ ವಾರದ ಅನಂತರದ ಲಸಿಕೆಯನ್ನು ತಪ್ಪಿಸದಿರಿ.