ಗರಿಕೆಯ ಪರವಾಗಿ ಒಂದು ಓಟು

ನಮ್ಮೂರಲ್ಲಿ ಗರಿಕೆಗೆ ವರ್ಷಕ್ಕೆ ಒಂದೇ ದಿನ ಮರ್ಯಾದೆ. ಗಣೇಶನ ಹಬ್ಬದ ಬೆಳಿಗ್ಗೆ ಮಕ್ಕಳನ್ನು ಹೊಲಕ್ಕೆ ಅಟ್ಟಿ ಚಿಗುರು ಗರಿಕೆ ತರಿಸುತ್ತಾರೆ. ಮಿಕ್ಕ ದಿನವೆಲ್ಲ ಅದು ಬರೀ ಕಳೆ. ನಮ್ಮಪ್ಪ ಉತ್ತು, ಕುಂಟೆ ಹೊಡೆದು, ಬೇರು ಆರಿಸಿ ಬದುವಿನ ಮೇಲೆ ಒಣಹಾಕುತ್ತಿದ್ದರು. ಮಣ್ಣಲ್ಲಿ ಒಂದು ಗೆಣ್ಣು ಉಳಿದಿದ್ದರೂ ಸಾಕು, ಮಳೆ ಬಿದ್ದ ವಾರಕ್ಕೆ ಮತ್ತೆ ಹರಡುತ್ತಿತ್ತು. ಹೀಗೆ ಗರಿಕೆಗೆ ಬೈಗುಳ ಕೇಳಿಕೊಂಡೇ ಬೆಳೆದ ನಾನು ಈಗ ಅದರ ಪರವಾಗಿ ವಕೀಲಿಕೆ ಮಾಡಬೇಕಾಗಿದೆ.

ಕಾರಣ, ನಾನು ಬಿಇ ಓದಿದ ಕಾಲೇಜಿನ ಗ್ರೌಂಡು. ಬ್ಯಾಚಿನವರೆಲ್ಲ ಸೇರಿ ಕಾಲೇಜಿಗೆ ಏನಾದರೂ ಕೊಡೋಣ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮಾತು ಶುರುವಾಯಿತು. ಲೈಬ್ರರಿಗೆ ಪುಸ್ತಕ, ಹಾಸ್ಟೆಲಿಗೆ ನೀರಿನ ಫಿಲ್ಟರ್ ಅಂತೆಲ್ಲ ಬಂದು, ಕೊನೆಗೆ ಗ್ರೌಂಡಿಗೆ ಆರ್ಟಿಫಿಶಿಯಲ್ ಟರ್ಫ್ ಹಾಕಿಸೋಣ ಅನ್ನುವಲ್ಲಿಗೆ ನಿಂತಿತು. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮಗೆ ಟರ್ಫ್ ಹೊಸದಲ್ಲ. ಸುತ್ತ ಬಲೆ ಕಟ್ಟಿದ ಪುಟ್ಟ ಜಾಗವನ್ನು ಗಂಟೆ ಲೆಕ್ಕದಲ್ಲಿ ಬುಕ್ ಮಾಡಿ, ರಾತ್ರಿ ಲೈಟಿನ ಕೆಳಗೆ ಆಡಿ, ದುಡ್ಡು ಹಂಚಿಕೊಂಡು ಮನೆಗೆ ಹೋಗುವವರು ನಾವು. "ನಿಂಗೆ ಮಣ್ಣೂ ಗೊತ್ತು, ಎಕ್ಸೆಲ್ಲೂ ಗೊತ್ತು. ಎರಡನ್ನೂ ಕಂಪೇರ್ ಮಾಡಿ ಒಂದು ಶೀಟ್ ಹಾಕು ಮಗಾ" ಅಂತ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಶೀಟಿಗೆ ಅಂತ ಓದುತ್ತಾ ಹೋದಾಗ ಮೊದಲು ಗೊತ್ತಾಗಿದ್ದು, ಬಿಸಿ ದೇಶಗಳ ದೊಡ್ಡ ಕ್ರೀಡಾಂಗಣಗಳು ದುಡ್ಡು ಸುರಿದು ಬೆಳೆಸುವ ಬರ್ಮುಡಾ ಹುಲ್ಲು ಬೇರೇನೂ ಅಲ್ಲ, ನಮ್ಮ ಗರಿಕೆ ಮತ್ತು ಅದರ ಮಿಶ್ರ ತಳಿಗಳು. ತುಳಿದಷ್ಟೂ ಹರಡುವ, ಬಿಸಿಲಿಗೆ ಬಗ್ಗದ ಅದೇ ಮೊಂಡುತನ ಅಲ್ಲಿ ಗುಣ, ನಮ್ಮ ಹೊಲದಲ್ಲಿ ದೋಷ.

ಎರಡನೆಯದು ಟರ್ಫ್ ಹುಟ್ಟಿದ ಕತೆ. 1965ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಆಸ್ಟ್ರೋಡೋಮ್ ಎಂಬ ಕ್ರೀಡಾಂಗಣ ಶುರುವಾಯಿತು. ಮೇಲೆ ಪೂರ್ತಿ ಸೂರು, ಸೂರಿಗೆ ಬೆಳಕು ಬಿಡುವ ಹಲಗೆಗಳು, ಒಳಗೆ ನಿಜವಾದ ಹುಲ್ಲು. ಆದರೆ ಆ ಬೆಳಕಿಗೆ ಕಣ್ಣು ಕೋರೈಸಿ, ಬೇಸ್‌ಬಾಲ್ ಆಟಗಾರರಿಗೆ ಮೇಲೆ ಹೋದ ಚೆಂಡೇ ಕಾಣದಾಯಿತು. ಹಲಗೆಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು. ಮರುವರ್ಷ ಮೊನ್ಸಾಂಟೊ ಕಂಪನಿಯ ಪ್ಲಾಸ್ಟಿಕ್ ಹುಲ್ಲು ತಂದು ಹಾಸಿದರು. ಆಸ್ಟ್ರೋಟರ್ಫ್ ಅನ್ನುವ ಹೆಸರು ಬಂದದ್ದು ಹಾಗೆ. ಬಿಟಿ ಹತ್ತಿಯಿಂದಾಗಿ ನಮ್ಮ ರೈತರಿಗೂ ಹೆಸರು ಗೊತ್ತಿರುವ ಅದೇ ಮೊನ್ಸಾಂಟೊ. ಅಂದರೆ ಬಿಸಿಲು ಬೀಳದ ಜಾಗಕ್ಕೆ ಕಂಡುಕೊಂಡ ಉಪಾಯ ಅದು. ನಮ್ಮ ಕಾಲೇಜ್ ಗ್ರೌಂಡಿಗೆ ಸೂರಿಲ್ಲ, ಬಿಸಿಲಿಗೆ ಬರವಿಲ್ಲ.

ಬಿಸಿಲಿನ ಮಾತು ಬಂದಿತಲ್ಲ, ಅದನ್ನು ಅಳೆದಿದ್ದು ಒಂದು ವಿಶ್ವವಿದ್ಯಾಲಯವೇ. ಅಮೆರಿಕದ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಟರ್ಫ್ ಹಾಕಿಸಿದ ಮೇಲೆ, ಅಲ್ಲಿನ ಒಬ್ಬ ಕೋಚ್‌ಗೆ ಶೂ ಹಾಕಿದ್ದರೂ ಪಾದದಲ್ಲಿ ಬೊಬ್ಬೆ ಎದ್ದವು. 2002ರಲ್ಲಿ ಅಲ್ಲಿನವರು ಥರ್ಮಾಮೀಟರ್ ಹಿಡಿದು ನೋಡಿದರೆ, ಟರ್ಫಿನ ಮೇಲ್ಮೈ ಒಮ್ಮೆ 93 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಡಾಂಬರು ರಸ್ತೆಗಿಂತಲೂ ಹೆಚ್ಚು. ನೀರು ಹಾಯಿಸಿ ತಣಿಸಿದರೆ ಇಪ್ಪತ್ತೇ ನಿಮಿಷದಲ್ಲಿ ಮತ್ತೆ 73 ಡಿಗ್ರಿ. ಹುಲ್ಲು ಬೇರಿನಿಂದ ನೀರೆಳೆದು ಎಲೆಯಿಂದ ಆವಿ ಬಿಟ್ಟು ತನ್ನನ್ನು ತಾನು ತಂಪು ಮಾಡಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಆ ವಿದ್ಯೆ ಬರುವುದಿಲ್ಲ.

ಓದಿದ್ದನ್ನು ನಂಬುವ ಮುಂಚೆ ಕಣ್ಣಾರೆ ನೋಡೋಣ ಅಂತ ಏಪ್ರಿಲ್‌ನಲ್ಲಿ, ಟರ್ಫ್ ಹಾಕಿಸಿರುವ ಒಂದು ಕ್ಯಾಂಪಸ್ಸಿಗೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಅಂಗೈ ಊರಿ ಹತ್ತು ಎಣಿಸೋಣ ಅಂದುಕೊಂಡೆ, ನಾಲ್ಕಕ್ಕೆ ಕೈ ತೆಗೆದೆ. ಹುಲ್ಲಿನ ಎಳೆಗಳ ಮಧ್ಯೆ ತುಂಬಿದ್ದ ಕಪ್ಪು ರಬ್ಬರ್ ಕಾಳು ಅಂಗೈಗೆ ಅಂಟಿತ್ತು. ಹಳೇ ಟೈರು ಪುಡಿ ಮಾಡಿದರೆ ಸಿಗುವ ಕಾಳು ಅದು. ಮಳೆಯಲ್ಲಿ ಮೋರಿಗೆ, ಶೂನಲ್ಲಿ ಮನೆಗೆ ಹೋಗುತ್ತದೆ. ಮೈಕ್ರೊಪ್ಲಾಸ್ಟಿಕ್ ಆಗುತ್ತದೆ ಅಂತ ಯುರೋಪಿಯನ್ ಒಕ್ಕೂಟ ಇದರ ಮಾರಾಟವನ್ನು 2031ರಿಂದ ನಿಲ್ಲಿಸಲು 2023ರಲ್ಲೇ ನಿಯಮ ಮಾಡಿದೆ.

ಮಂಡಿಯ ವಿಷಯವೂ ಇದೆ. ಅಮೆರಿಕನ್ ಫುಟ್‌ಬಾಲ್ ಆಟಗಾರರ ಸಂಘ ಎಲ್ಲಾ ಮೈದಾನಕ್ಕೂ ಹುಲ್ಲೇ ಬೇಕು ಅಂತ 2020ರಲ್ಲಿ ಕೇಳಿತು. ಯಾರೂ ಡಿಕ್ಕಿ ಹೊಡೆಯದೆ ತಾನಾಗೇ ಕಾಲಿಗೆ ಆಗುವ ಪೆಟ್ಟು ಟರ್ಫಿನ ಮೇಲೆ ಶೇ. 28ರಷ್ಟು ಹೆಚ್ಚು ಅಂತ ಅದರ ಲೆಕ್ಕ. ಓಡುತ್ತಾ ಗಕ್ಕನೆ ತಿರುಗಿದಾಗ ಹುಲ್ಲಾದರೆ ಕಿತ್ತು ಬಂದು ಕಾಲನ್ನು ಬಿಟ್ಟುಕೊಡುತ್ತದೆ. ಟರ್ಫ್ ಬಿಡುವುದಿಲ್ಲ, ಮಂಡಿ ತಿರುಚುತ್ತದೆ.

ಇಷ್ಟು ಹಾಕಿದ್ದೇ ತಡ, ನಮ್ಮ ಕೊಡಗಿನ ಗೆಳೆಯ ತಿರುಗಿಬಿದ್ದ. "1975ರಲ್ಲಿ ಹುಲ್ಲಿನ ಮೇಲೆ ಹಾಕಿ ವರ್ಲ್ಡ್ ಕಪ್ ಗೆದ್ವಿ. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿಗೆ ಟರ್ಫ್ ಬಂತು, ಏಳನೇ ಜಾಗಕ್ಕೆ ಬಿದ್ವಿ. ಅವಾಗಿಂದ ಅನುಭವಿಸಿದ್ದು ಸಾಲದಾ?" ಅವನ ಮಾತು ನಿಜ. ಟರ್ಫಿನ ಮೇಲೆ ಚೆಂಡು ನೇರ ಓಡುತ್ತದೆ, ಆಟವೇ ಬೇರೆ ಆಗುತ್ತದೆ. ಹಾಕಿಯಲ್ಲಿ ಮುಂದೆ ಬರಬೇಕಾದ ಹುಡುಗರಿಗೆ ಟರ್ಫ್ ಕೊಡದಿರುವುದು ಅನ್ಯಾಯ. ಮಳೆಗಾಲದಲ್ಲಿ ಕೆಸರಿಲ್ಲ, ದಿನಕ್ಕೆ ಎಷ್ಟು ಗಂಟೆ ಬೇಕಾದರೂ ಆಡಬಹುದು ಅನ್ನುವುದೂ ನಿಜ. ಎಲ್ಲವನ್ನೂ ಶೀಟಿನಲ್ಲಿ ಬರೆದೆ. ಆದರೆ ನಮ್ಮ ಕಾಲೇಜಿಗೆ ಹಾಕಿ ಟೀಮೇ ಇಲ್ಲ. ಇನ್ನು ಕೆಸರು ಹುಲ್ಲಿನ ತಪ್ಪಲ್ಲ, ಕೆಳಗೆ ನೀರು ಇಳಿಯಲು ದಾರಿ ಇಲ್ಲದ್ದರ ತಪ್ಪು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ಮರಳು ಹಾಸಿ, ಕೆಳಗಿನಿಂದ ನೀರು ಹೀರುವ ಯಂತ್ರ ಕೂರಿಸಿದ ಮೇಲೆ ಜೋರು ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರುವಾಗುತ್ತದೆ. ನಮಗೆ ಯಂತ್ರ ಬೇಡ. ಒಂದಿಷ್ಟು ಇಳಿಜಾರು, ಮರಳು, ಸುತ್ತ ಒಂದು ಕಾಲುವೆ ಸಾಕು.

ಹಾಗಾದರೆ ನಮ್ಮ ಗ್ರೌಂಡಿನ ಹುಲ್ಲು ಯಾಕೆ ಹೋಯಿತು? ನಾವು ಓದುವಾಗ ಅಲ್ಲೊಬ್ಬರು ಮಾಲಿ ಇದ್ದರು. ಸಂಜೆ ಪೈಪು ಹಿಡಿದು ಒಂದು ಕಡೆಯಿಂದ ನೀರು ಬಿಡುತ್ತಾ ಬರೋರು. ಗೋಲಿನ ಮುಂದೆ ನಾವು ತುಳಿದು ತುಳಿದು ಮಣ್ಣು ಮಾಡಿದರೆ, "ಇಲ್ಲಿ ಬ್ಯಾಡ ಕಣ್ರಪ್ಪಾ, ಹದಿನೈದು ದಿನ ಆ ಕಡೆ ಆಡ್ಕಳಿ, ಬೇರು ಹಿಡೀಲಿ" ಅನ್ನೋರು. ಅವರು ರಿಟೈರ್ ಆದರು. ಆ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳಲಿಲ್ಲ. ಎರಡು ಬೇಸಿಗೆಗೆ ಗ್ರೌಂಡು ಕೆಂಪು ಧೂಳಾಯಿತು. ನಾವೀಗ ಅದರ ಫೋಟೊ ಹಾಕಿ "ಹುಲ್ಲು ಇಲ್ಲಿ ವರ್ಕ್ ಆಗಲ್ಲ" ಅನ್ನುತ್ತಿದ್ದೇವೆ.

ನನ್ನ ಕೆಲಸದಲ್ಲೂ ಇದೇ ನೋಡುತ್ತೇನೆ. ಹೊಸ ಫೀಚರ್ ಬಿಟ್ಟರೆ ಡೆಮೊ, ಕೇಕು, ಚಪ್ಪಾಳೆ. ಹಳೇ ಕೋಡು ಕೆಡದ ಹಾಗೆ ದಿನಾ ನೋಡಿಕೊಳ್ಳುವವನನ್ನು ಯಾರೂ ಕೇಳುವುದಿಲ್ಲ. ಟರ್ಫ್ ಹಾಕಿದರೆ ರಿಬ್ಬನ್ ಕತ್ತರಿಸಬಹುದು, ಬ್ಯಾಚಿನ ಹೆಸರಲ್ಲಿ ಕಲ್ಲು ನೆಡಬಹುದು. ಎಂಟು ಹತ್ತು ವರ್ಷಕ್ಕೆ ಅದು ಸವೆದು ಸುರುಳಿ ಸುತ್ತಿ ಬಿಸಾಕುವಾಗ ನಾವ್ಯಾರೂ ಅಲ್ಲಿರುವುದಿಲ್ಲ. ಮಾಲಿಯ ಸಂಬಳಕ್ಕೆ ಕಲ್ಲು ನೆಡುವ ಪದ್ಧತಿ ಎಲ್ಲೂ ಇಲ್ಲ.

ಶೀಟಿನ ಕೊನೆಯ ಸಾಲು ಬಂದದ್ದು ಆ ಟರ್ಫ್ ಕ್ಯಾಂಪಸ್ಸಿನ ವಾಚ್‌ಮನ್ ಬಾಯಿಂದ. "ಸ್ಟೂಡೆಂಟ್ಸಿಗೇ ಟೈಮಿಂಗ್ ಇದೆ ಸರ್. ಹೊರಗಿನವರನ್ನ ಬಿಡಂಗಿಲ್ಲ, ಹಾಳಾಗ್ಬಿಡುತ್ತೆ" ಅಂದ. ನಮ್ಮ ಗ್ರೌಂಡಿಗೆ ಬೀಗ ಇರಲಿಲ್ಲ. ಪಕ್ಕದ ಹಳ್ಳಿಯ ಹುಡುಗರು ನಮ್ಮ ಜೊತೆ ಬರಿಗಾಲಲ್ಲಿ ಆಡಿ, ನಮ್ಮನ್ನೇ ಸೋಲಿಸಿ ಹೋಗುತ್ತಿದ್ದರು. ಮಳೆಗಾಲದಲ್ಲಿ ಕುರಿ ಮೇಯುತ್ತಿದ್ದವು. ಹುಲ್ಲು ತುಳಿದರೆ ಮತ್ತೆ ಬರುತ್ತದೆ, ಅದಕ್ಕೇ ಎಲ್ಲರನ್ನೂ ಬಿಡಬಹುದು. ಪ್ಲಾಸ್ಟಿಕ್ ಬರುವುದಿಲ್ಲ, ಅದಕ್ಕೇ ಬೀಗ. ನನ್ನ ಲೆಕ್ಕದಲ್ಲಿ ಅಂಗೈಯ ಬಿಸಿಗಿಂತ, ಮಂಡಿಯ ಪೆಟ್ಟಿಗಿಂತ ದೊಡ್ಡ ವ್ಯತ್ಯಾಸ ಇದೇ.

ಗ್ರೂಪಿನಲ್ಲಿ ಓಟಿಂಗ್ ನಡೆಯುತ್ತಿದೆ. ಟರ್ಫೇ ಮುಂದಿದೆ, ಸುಳ್ಳು ಯಾಕೆ ಹೇಳಲಿ. ನನ್ನ ಪಾಲಿನ ದುಡ್ಡು ಮಾತ್ರ ಮಾಲಿಯ ಸಂಬಳಕ್ಕೆ ಅಂತ ಬರೆದು ಹಾಕಿದ್ದೇನೆ. ಇನ್ನೂ ಆರು ಜನ ಹೆಸರು ಸೇರಿಸಿದ್ದಾರೆ, ಅದರಲ್ಲಿ ಕೊಡಗಿನವನೂ ಇದ್ದಾನೆ. ಏನೇ ತೀರ್ಮಾನ ಆಗಲಿ, ಮುಂಗಾರಿಗೆ ಮುಂಚೆ ಆಗಲಿ ಅನ್ನುವುದಷ್ಟೇ ನನ್ನ ಆತುರ. ಗರಿಕೆ ನೆಡಲು ಅದೇ ಹದ.