ಮೂಲವಹಿಯೂ ನಕಲೂ

ಪೂರ್ವಿಕರನ್ನು ನೆನೆಯುವುದು ನಮ್ಮಲ್ಲಿ ಧರ್ಮಕಾರ್ಯವೆನಿಸಿದೆ. ಶ್ರಾದ್ಧದಲ್ಲಿ ತಂದೆ, ತಾತ, ಮುತ್ತಾತ ಎಂದು ಮೂರು ತಲೆಗಳವರೆಗೆ ಹೆಸರು ಹೇಳುತ್ತೇವೆ. ಅದರಾಚೆಗೆ ಕೇಳಿದರೆ ಅನೇಕರು ಮೌನ ವಹಿಸಬೇಕಾಗುತ್ತದೆ. ಉತ್ತರ ಕರ್ಣಾಟಕದ ಒಕ್ಕಲು ಮನೆತನಗಳಿಗಾದರೆ ಹೆಳವರು ಎತ್ತನ್ನೇರಿ ಬಂದು, ವಂಶಾವಳಿಯನ್ನು ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು ಹೋಗುವ ಪದ್ಧತಿಯುಂಟು. ಇಂಗ್ಲೆಂಡಿನಲ್ಲಿ ಹೆಳವರಿಲ್ಲ, ಅವರ ಕೆಲಸವನ್ನು ಅಲ್ಲಿ ಮಾಡಿರುವುದು ಊರೂರಿನ ಚರ್ಚಿನ ವಹಿ.

ಸಂಸ್ಕೃತಪಾಠ ಹೇಳುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ವಹಿಗಳ ಪರಿಚಯವಾದುದು ಹಳೆಯ ಶಿಷ್ಯನೊಬ್ಬನಿಂದ. ಆತನು ಇಂಗ್ಲೆಂಡಿನಲ್ಲಿ ನೆಲೆಸಿ, ಅಲ್ಲಿಯವಳನ್ನೇ ಮದುವೆಯಾಗಿದ್ದಾನೆ. ಮಕ್ಕಳಿಗಾಗಿ ಎರಡು ಕಡೆಯ ವಂಶವೃಕ್ಷವನ್ನೂ ಬರೆದಿಡಲು ಹೊರಟಾಗ ಹೆಂಡತಿಯ ಕಡೆಯದರಲ್ಲಿ ಒಂದು ತೊಡಕು ಬಂದಿತು. “ಪಾಠಾಂತರಗಳನ್ನು ತೂಗಿ ನೋಡುವುದನ್ನು ಕಲಿಸಿದವರು ನೀವು, ಮೇಷ್ಟ್ರೇ, ಇದನ್ನೂ ನೋಡಿ ಹೇಳಬೇಕು” ಎಂದು ಬರೆದು, ಹಳೆಯ ಪುಟಗಳ ಛಾಯಾಚಿತ್ರಗಳನ್ನು ಕಳುಹಿಸಿದನು.

ಮೊದಲು ಈ ವಹಿಗಳು ಹುಟ್ಟಿದ ಬಗೆಯನ್ನು ತಿಳಿಯಬೇಕು. ೧೫೩೮ರಲ್ಲಿ ಎಂಟನೆಯ ಹೆನ್ರಿ ದೊರೆಯ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್ಲನು, ಪ್ರತಿಯೊಬ್ಬ ಪಾದ್ರಿಯೂ ತನ್ನ ಚರ್ಚಿನ ಎಲ್ಲೆಯೊಳಗೆ ನಡೆದ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ವಾರವಾರವೂ ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದೂ, ಆ ಪುಸ್ತಕವನ್ನು ಎರಡು ಬೀಗಗಳ ಪೆಟ್ಟಿಗೆಯಲ್ಲಿ ಕಾಪಾಡಬೇಕೆಂದೂ ಆಜ್ಞೆ ಹೊರಡಿಸಿದನು. ಕಾಗದದ ವಹಿಗಳು ಬೇಗ ಹಾಳಾಗುತ್ತಿದ್ದುದರಿಂದ ೧೫೯೮ರಲ್ಲಿ ಎಲಿಜಬೆತ್ ರಾಣಿಯ ಒಪ್ಪಿಗೆಯೊಡನೆ ಎರಡು ನಿಯಮಗಳು ಬಂದವು. ಹಳೆಯ ಬರಹಗಳನ್ನು ಚರ್ಮಪತ್ರದ ಪುಸ್ತಕಗಳಿಗೆ ಎತ್ತಿ ಬರೆಯತಕ್ಕದ್ದು. ಮತ್ತು ವರ್ಷವರ್ಷವೂ ವಹಿಯ ನಕಲೊಂದನ್ನು ಬಿಷಪ್ಪರ ಕಚೇರಿಗೆ ಕಳುಹಿಸತಕ್ಕದ್ದು. ಹೀಗೆ ಒಂದೇ ಸಂಗತಿಯು ಎರಡು ಕಡೆಗಳಲ್ಲಿ ಬರಹವಾಗಿ ನಿಂತಿತು. ೧೮೩೭ರ ಜುಲೈ ೧ರಿಂದ ಸರ್ಕಾರವೇ ಜನನ ಮರಣಗಳನ್ನು ದಾಖಲು ಮಾಡತೊಡಗಿತು. ಅದಕ್ಕೆ ಹಿಂದಿನ ಸಾಮಾನ್ಯ ಜನರ ವಂಶವನ್ನು ಅರಸುವವರಿಗೆ ಈ ಮೂಲವಹಿ ಮತ್ತು ನಕಲುಗಳೇ ಮುಖ್ಯ ಆಧಾರ.

ಶಿಷ್ಯನ ಹೆಂಡತಿಯ ಸೋದರಮಾವನವರು ಬಹಳ ವರ್ಷ ಶ್ರಮಪಟ್ಟು ತಮ್ಮ ವಂಶವೃಕ್ಷವನ್ನು ಬರೆಸಿ, ಚೌಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿದ್ದರು. ಅವರು ಆಧಾರ ಮಾಡಿಕೊಂಡಿದ್ದುದು ಬಿಷಪ್ಪರ ಕಚೇರಿಯ ನಕಲನ್ನು. ಅದರಲ್ಲಿ ೧೭೮೧ರಲ್ಲಿ ಜಾನ್ ಎಂಬ ಶಿಶುವಿಗೆ ದೀಕ್ಷಾಸ್ನಾನವಾದುದೂ, ೧೮೦೫ರಲ್ಲಿ ಅದೇ ಹೆಸರಿನವನಿಗೆ ಅದೇ ಚರ್ಚಿನಲ್ಲಿ ಮದುವೆಯಾದುದೂ ಇದ್ದವು. ಎರಡನ್ನೂ ಒಂದೇ ದಾರದಲ್ಲಿ ಪೋಣಿಸುವುದು ಯಾರಿಗಾದರೂ ಸಹಜವೇ. ಆ ಶಿಶುವಿನ ತಂದೆಯು ಊರಿನ ಸ್ಥಿತಿವಂತನಾದ ಜಮೀನುದಾರ. ಆ ದಾರಿಯಲ್ಲಿ ಮೇಲೇರಿದರೆ ವಂಶವು ಇನ್ನೂ ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತಿತ್ತು.

ಶಿಷ್ಯನು ಮೂಲವಹಿಯ ಪುಟಗಳನ್ನು ತರಿಸಿದನು. ೧೭೮೩ರ ಶವಸಂಸ್ಕಾರಗಳ ನಡುವೆ, ಅದೇ ತಂದೆಯ ಎಳೆಯ ಮಗ ಜಾನನನ್ನು ಮಣ್ಣು ಮಾಡಿದ ಬರಹವಿತ್ತು. ನಕಲಿನಲ್ಲಿ ಆ ವರ್ಷದ ಹಾಳೆಯೇ ಉಳಿದಿಲ್ಲ. ಇನ್ನು ಮದುವೆಯ ಬರಹ: ನಕಲಿನಲ್ಲಿ ಹೆಸರು ತಾರೀಖುಗಳು ಮಾತ್ರ; ಮೂಲದಲ್ಲಾದರೋ ವರನು ಪಕ್ಕದ ಊರಿನವನೆಂದು ಸ್ಪಷ್ಟವಾಗಿ ಬರೆದಿದೆ. ಆ ಊರಿನ ವಹಿಯನ್ನು ನೋಡಿದರೆ ಅಲ್ಲಿ ೧೭೮೨ರಲ್ಲಿ ದೀಕ್ಷಾಸ್ನಾನ ಪಡೆದ ಇನ್ನೊಬ್ಬ ಜಾನನಿದ್ದಾನೆ, ಕೂಲಿಯವನೊಬ್ಬನ ಮಗ. ಅವನು ಬಾಲ್ಯದಲ್ಲಿ ತೀರಿಕೊಂಡ ಬರಹವು ಎರಡು ಊರುಗಳ ವಹಿಗಳಲ್ಲಿಯೂ ಇಲ್ಲ. ನನಗಾಗಲಿ ಶಿಷ್ಯನಿಗಾಗಲಿ ಸಂಶಯವುಳಿಯಲಿಲ್ಲ. ಆದರೆ ಅವನ ನಿಜವಾದ ಪ್ರಶ್ನೆ ಬೇರೆಯಾಗಿತ್ತು. ಮಾವನವರಿಗೆ ಎಂಬತ್ತು ದಾಟಿದೆ. ಇದನ್ನು ಅವರಿಗೆ ಹೇಳುವುದೋ, ಬಿಡುವುದೋ?

ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂಬ ನೀತಿಯು ನನಗೆ ನೆನಪಾಗದೆ ಇರಲಿಲ್ಲ. ಆದರೂ ತರ್ಪಣದ ನೀರು ಯಾರಿಗೆ ಸಲ್ಲಬೇಕೋ ಅವರ ಹೆಸರಿನಲ್ಲಿಯೇ ಬಿಡಬೇಕಷ್ಟೆ. ಎರಡು ವರ್ಷ ಬದುಕಿದ ಮಗುವಿನ ತಲೆಯ ಮೇಲೆ ಇನ್ನೊಬ್ಬನ ಇಡೀ ಬಾಳನ್ನು ಹೊರಿಸಿ, ಆ ಇನ್ನೊಬ್ಬನ ತಾಯಿತಂದೆಗಳನ್ನು ಮರೆತುಬಿಡುವುದು ಯಾರಿಗೂ ಗೌರವವಲ್ಲ. “ಬಾಯಲ್ಲಿ ಹೇಳಬೇಡ; ಪುಟವನ್ನೇ ಅವರ ಮುಂದಿಡು” ಎಂದು ಬರೆದೆನು.

ಆತನು ಹಾಗೆಯೇ ಮಾಡಿದನು. ೧೭೫೪ರಲ್ಲಿ ಜಾರಿಗೆ ಬಂದ ವಿವಾಹಶಾಸನದಂತೆ ವಧೂವರರು ಮೂಲವಹಿಯಲ್ಲಿ ರುಜು ಹಾಕಬೇಕಾಗಿತ್ತು. ನಕಲಿನಲ್ಲಿ ಇರುವುದು ನಕಲುಗಾರನ ಕೈಬರಹವಷ್ಟೆ. ನಮ್ಮ ಜಾನನಿಗೆ ಅಕ್ಷರ ಬಾರದು. ರುಜುವಿಗೆ ಬದಲಾಗಿ ಎರಡು ಗೆರೆಗಳನ್ನು ಅಡ್ಡಲಾಗಿ ಎಳೆದಿದ್ದಾನೆ. ವಧುವು ಮಾತ್ರ ಸೊಟ್ಟ ಅಕ್ಷರಗಳಲ್ಲಿ ತನ್ನ ಹೆಸರನ್ನು ತಾನೇ ಬರೆದಿದ್ದಾಳೆ. ವೃದ್ಧರು ಬಹಳ ಹೊತ್ತು ಆ ಗೆರೆಗಳನ್ನು ನೋಡುತ್ತಿದ್ದು, “ಇದು ಅವನ ಕೈಯದೇ ಅಲ್ಲವೆ?” ಎಂದು ಕೇಳಿದರಂತೆ. ನಡುಮನೆಯ ಪಟವು ಇದ್ದಲ್ಲಿಯೇ ಇದೆ. ಅದರ ಪಕ್ಕದಲ್ಲಿ ಈಗ ಆ ಪುಟದ ಛಾಯಾಚಿತ್ರವೂ ತೂಗುತ್ತಿದೆ.

ಇಷ್ಟರಿಂದ ನಕಲು ನಿಷ್ಪ್ರಯೋಜಕವೆಂದು ವಾಚಕರು ಭಾವಿಸಬಾರದು. ತೇವಕ್ಕೆ, ಇಲಿಗೆ, ಬೆಂಕಿಗೆ ಮೂಲವು ಆಹುತಿಯಾದ ಊರುಗಳಲ್ಲಿ ನಕಲೇ ಗತಿ. ಊರವರನ್ನು ಬಲ್ಲ ನಕಲುಗಾರನು ಮೂಲದಲ್ಲಿಲ್ಲದ ವಿವರವನ್ನು ಸೇರಿಸಿರುವುದೂ ಉಂಟು. ಮೂಲವೆಂದು ನಾವು ಕರೆಯುವುದೂ ಎಷ್ಟೋ ವೇಳೆ ನಕಲೇ. ಷೇಕ್ಸ್‌ಪಿಯರ್ ಮಹಾಕವಿಗೆ ಸ್ಟ್ರಾಟ್‌ಫರ್ಡಿನಲ್ಲಿ ೧೫೬೪ರ ಏಪ್ರಿಲ್ ೨೬ರಂದು ದೀಕ್ಷಾಸ್ನಾನವಾದುದನ್ನು ತಿಳಿಸುವ ಪ್ರಸಿದ್ಧ ಪುಟವೂ ಆ ದಿನ ಬರೆದುದಲ್ಲ. ಸುಮಾರು ೧೬೦೦ರಲ್ಲಿ ಚರ್ಮಪತ್ರಕ್ಕೆ ಎತ್ತಿ ಬರೆದುದು. ನಮ್ಮ ಓಲೆಗರಿಗಳ ಲಿಪಿಕಾರರೂ, ಕಂಡಂತೆ ಬರೆದಿದ್ದೇವೆ, ತಪ್ಪಿದ್ದರೆ ದೋಷವನ್ನು ನಮಗೆ ಹಚ್ಚಬೇಡಿರೆಂದು ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದರಷ್ಟೆ. ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು ೧೯೧೯ರಿಂದ ೧೯೬೬ರವರೆಗೆ ಮಹಾಭಾರತದ ಪ್ರತಿಗಳನ್ನು ಹೋಲಿಸಿ ಹೋಲಿಸಿ ಪಾಠವನ್ನು ನಿರ್ಣಯಿಸಿದ ಕ್ರಮವನ್ನೇ, ಸಣ್ಣ ಪ್ರಮಾಣದಲ್ಲಿ, ಇಲ್ಲಿಯೂ ಅನುಸರಿಸಬೇಕು. ಎರಡನ್ನೂ ಎದುರುಬದುರು ಇಟ್ಟುಕೊಂಡು ಓದುವುದೇ ಮಾರ್ಗ.

ಓದುವವನು ಇನ್ನೆರಡು ವಿಷಯಗಳಲ್ಲಿ ಎಚ್ಚರದಿಂದಿರಬೇಕು. ೧೭೫೨ಕ್ಕೆ ಮುಂಚೆ ಇಂಗ್ಲೆಂಡಿನ ವರ್ಷವು ಮಾರ್ಚಿ ೨೫ರಂದು ಮೊದಲಾಗುತ್ತಿತ್ತು. ಆದುದರಿಂದ ವಹಿಯಲ್ಲಿ ೧೭೨೦ರ ಫೆಬ್ರವರಿಯೆಂದಿದ್ದರೆ ಅದು ನಮ್ಮ ಎಣಿಕೆಗೆ ೧೭೨೧. ಯುಗಾದಿಯಿಂದ ಸಂವತ್ಸರವನ್ನು ಎಣಿಸುವ ನಮಗೆ ಇದು ಕಷ್ಟವಾಗಬಾರದು. ಎರಡನೆಯದಾಗಿ, ಹಳೆಯ ಬರಹಗಳು ಅನೇಕ ಕಡೆ ಲ್ಯಾಟಿನ್ ಭಾಷೆಯಲ್ಲಿವೆ. ಅಲ್ಲಿ ವಿಲಿಯಂ ಎಂಬವನು ಗುಲಿಯೆಲ್ಮುಸ್ ಆಗಿರುತ್ತಾನೆ. ಅಂಥ ಪುಟವೊಂದರಲ್ಲಿ ಒಬ್ಬ ಹೆಂಗಸಿನ ಹೆಸರಿನ ಮುಂದೆ ‘ವಿದುವ’ ಎಂಬ ಪದವನ್ನು ಕಂಡಾಗ ನಾನು ನಿಘಂಟನ್ನು ತೆರೆಯಬೇಕಾಗಲಿಲ್ಲ. ಸಂಸ್ಕೃತದ ‘ವಿಧವಾ’ ಶಬ್ದದ ಸೋದರಿ ಅದು. ಸಾವಿರಾರು ಹರದಾರಿಗಳಾಚೆಯ ಆ ಹೆಂಗಸಿನ ದುಃಖವು ಆ ಕ್ಷಣದಲ್ಲಿ ನಮ್ಮ ಮನೆಯದೇ ಆಯಿತು.

ನಮ್ಮ ನಾಡಿಗೂ ಈ ವಿಷಯವು ದೂರದ್ದಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಪಾದ್ರಿಗಳೂ ತಮ್ಮ ಚರ್ಚುಗಳ ವಹಿಗಳಿಂದ ನಕಲು ತೆಗೆಸಿ ಲಂಡನ್ನಿಗೆ ಕಳುಹಿಸುತ್ತಿದ್ದರು. ಮದರಾಸಿನ ಶ್ರೇಣಿಯು ೧೬೯೮ರಿಂದ ಮೊದಲಾಗಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ; ಬೆಂಗಳೂರಿನ ದಂಡಿನಲ್ಲಿದ್ದ ಎಷ್ಟೋ ಕುಟುಂಬಗಳನ್ನು ಅದರಲ್ಲಿಯೇ ಅರಸಬೇಕು. ಅಂತರ್ಜಾಲದಲ್ಲಿ ದೊರೆಯುವ ಹೆಸರುಪಟ್ಟಿಯಾದರೋ ಆ ನಕಲಿಗೂ ನಕಲು. ಅದು ದಾರಿ ತೋರಿಸಲಿ. ತೀರ್ಮಾನವನ್ನು ಹೇಳುವ ಅಧಿಕಾರವನ್ನು ಅದಕ್ಕೆ ಕೊಡಬಾರದು.

ಗೃಹಸ್ಥರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿಯೂ ಜಾತಕದ ಕಟ್ಟು, ಕ್ರಯಪತ್ರ, ಅಜ್ಜನ ಲೆಕ್ಕದ ಪುಸ್ತಕ ಇದ್ದಾವು. ಅವುಗಳನ್ನು ಮಕ್ಕಳ ಕೈಯಲ್ಲಿ ನಕಲು ಮಾಡಿಸಿರಿ, ಚಿತ್ರ ತೆಗೆಸಿರಿ. ಯಾವುದನ್ನು ನೋಡಿ, ಯಾರು, ಯಾವ ದಿನ ಬರೆದರೆಂಬುದನ್ನೂ ಕೆಳಗೆ ಬರೆಯಿಸಿರಿ. ಆದರೆ ನಕಲಾಯಿತೆಂದು ಮೂಲವನ್ನು ರದ್ದಿಗೆ ಹಾಕಬೇಡಿರಿ. ನಕಲಿನಲ್ಲಿ ಹೆಸರು ಬರುತ್ತದೆ, ಕೈಗುರುತು ಬರುವುದಿಲ್ಲ.